ಹಾಡಿಗೆ ಶಿಕ್ಷೆ, ಬಂದೂಕಿಗೆ ರಕ್ಷೆ!

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರೇ,

ಕಳೆದ ವಾರ ನಮ್ಮವರ ಮನೆಯ ಹದಿನಾರರ ಹುಡುಗಿಯ ಬ್ಯಾಗನ್ನು ಶಾಲೆಯಲ್ಲಿ ಎಲ್ಲರೆದುರು ಸುರಿದು ಜಾಲಾಡಿದರು. ಅವಳು ಮಾಡಿದ ತಪ್ಪೆಂದರೆ ಮೆಟಲ್ ಬ್ಯಾಂಡಿನ ಹೆಸರಿದ್ದ ಕಪ್ಪು ಟೀಶರ್ಟ್ ತೊಟ್ಟದ್ದು. ಗುಂಡು ಹಾರಿದರೆ ಉಸಿರು ಬಿಗಿಹಿಡಿದು ಅಡಗುವುದನ್ನು ಅಕ್ಷರದ ಜೊತೆಗೇ ಕಲಿತ ಮಗು ಅದು. ಅದನ್ನೇ ಕೊಲೆಗಾರ್ತಿಯಂತೆ ನಿಲ್ಲಿಸಿದರು! ಬರುವ ಸೋಮವಾರ ಅಂಥ ಬಟ್ಟೆಯನ್ನೇ ನಿಷೇಧಿಸಲು ಸ್ಕೂಲ್ ಬೋರ್ಡ್ ಸೇರುತ್ತಿದೆ.

1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದಾಗ ಆದದ್ದೂ ಇದೇ. ಗಾಯಕ ಮರ್ಲಿನ್ ಮ್ಯಾನ್ಸನ್ ತಲೆಗೆ ಪಾಪ ಕಟ್ಟಿದರು. ಕೊಂದವರು ಆತನ ಅಭಿಮಾನಿಗಳೇ ಆಗಿರಲಿಲ್ಲ. ಆದರೂ ಆತ ತನ್ನ ಪ್ರವಾಸದ ಉಳಿದ ಕಾರ್ಯಕ್ರಮಗಳನ್ನು ರದ್ದು ಮಾಡಿದ. ಹುಡುಗರ ನಾಲ್ಕು ಬಂದೂಕುಗಳಲ್ಲಿ ಮೂರು ಬಂದದ್ದು ಗನ್ ಶೋದಿಂದ. ಮೇ 1ರಂದು ಪಕ್ಕದ ಡೆನ್ವರಿನಲ್ಲೇ ರಾಷ್ಟ್ರೀಯ ರೈಫಲ್ ಸಂಘದವರು (ಎನ್ಆರ್ಎ), ಮೊಟಕು ಮಾಡಿಯಾದರೂ, ವಾರ್ಷಿಕ ಸಭೆ ನಡೆಸಿಯೇ ನಡೆಸಿದರು. ಹಾಡು ನಿಂತಿತು, ಬಂದೂಕಿನ ಸಭೆ ನಿಲ್ಲಲಿಲ್ಲ!

ಕಪ್ಪು ಬಟ್ಟೆಯನ್ನು ಸಾಕ್ಷಿ ಮಾಡಿದರೆ ಏನಾಗುತ್ತದೆಂದು ವೆಸ್ಟ್ ಮೆಂಫಿಸ್ ಊರನ್ನು ಕೇಳಿ. ಅಲ್ಲಿ 1993ರಲ್ಲಿ ಮೂವರು ಎಳೆಯ ಬಾಲಕರ ಕೊಲೆಯಾಯಿತು. ಮೆಟಲ್ ಕೇಳುತ್ತಾರೆ, ಕಪ್ಪು ತೊಡುತ್ತಾರೆ ಎಂಬುದನ್ನೂ ನ್ಯಾಯಾಲಯದ ಮುಂದಿಟ್ಟು ಮೂವರು ಹುಡುಗರನ್ನು ಜೈಲಿಗಟ್ಟಿದರು, ಒಬ್ಬನಿಗೆ ಮರಣದಂಡನೆ. ಅವರು ಹೊರಬಂದದ್ದು 18 ವರ್ಷದ ಮೇಲೆ, 2011ರಲ್ಲಿ. ಆ ಹರೆಯವನ್ನು ಯಾರು ವಾಪಸ್ ಕೊಟ್ಟರು?

"ರಾಕ್, ಮೆಟಲ್ ಎಂದರೆ ಮಕ್ಕಳ ತಲೆ ಕೆಡಿಸುವ ಅರಚಾಟ" ಎನ್ನುವ ಕನ್ನಡ ಸಂಘದ ಹಿರಿಯರೇ, ಒಂದು ಹಾಡನ್ನಾದರೂ ಕೇಳಿದ್ದೀರಾ? ಟೆಕ್ಸಸ್‌ನ ತರಗತಿಯೊಂದರಲ್ಲಿ ಪ್ರಾಣ ಕಳೆದುಕೊಂಡ ಹುಡುಗ ಪತ್ರಿಕೆಯ ತುಣುಕು ಸುದ್ದಿಯಾಗಿ ಮುಗಿದುಹೋಗಲಿದ್ದ. ಪರ್ಲ್ ಜ್ಯಾಮ್ ತಂಡ 'ಜೆರೆಮಿ' ಹಾಡಿ ಅವನನ್ನು ಉಳಿಸಿಕೊಂಡಿತು. ನಾವಾದರೂ ಎಂಥ ಹಾಡು ಕೇಳಿ ಬೆಳೆದೆವು? 'ಕೆರೆಗೆ ಹಾರ' ಕೇಳಿದ ಯಾರೂ ಸೊಸೆಯನ್ನು ಕೆರೆಗೆ ನೂಕಲಿಲ್ಲ, ಕೆರೆಗೆ ಬಲಿಯಾದ ಭಾಗೀರಥಿಗಾಗಿ ಅತ್ತೆವು.

ತಲೆ ಕೆಡಿಸುವವರು ಬೇಕಿದ್ದರೆ ಕೊಲೆಕಥೆಯ ಪಾಡ್‌ಕಾಸ್ಟಿನವರನ್ನು ಹಿಡಿಯಿರಿ. ಕೊಂದವನ ಬಾಲ್ಯ, ಅವನ ಡೈರಿ, ನಡುವೆ ಹಾಸಿಗೆಯ ಜಾಹೀರಾತು! ಅದನ್ನು ಹಚ್ಚಿಟ್ಟು ತರಕಾರಿ ಹೆಚ್ಚುವವರು ನಾವೇ. ಸತ್ತ ಮಕ್ಕಳಲ್ಲಿ ಒಬ್ಬರ ಹೆಸರಾದರೂ ನಮಗೆ ನೆನಪಿದೆಯೇ?

ಸೋಮವಾರ ಬೋರ್ಡ್ ಸಭೆಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಆ ಹುಡುಗಿ ಅದೇ ಟೀಶರ್ಟ್ ತೊಟ್ಟು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅವಳ ಅಕ್ಕಪಕ್ಕದ ಕುರ್ಚಿಗಳು ಖಾಲಿ ಇರಬಾರದು.