ನಿಲುಗಡೆಯ ಅಂಗಳದಲ್ಲಿ ಹೊಣೆ ಯಾರದು?

ಪಂಚಕಲ್ಯಾಣ ಮಹೋತ್ಸವವಿರಲಿ, ಮದುವೆಯ ಆರತಕ್ಷತೆಯಿರಲಿ, ಬಸದಿಯ ಪಕ್ಕದ ಬಯಲಿನಲ್ಲಿ ಇಂದು ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಬಯಲಿನ ಬಾಗಿಲಲ್ಲಿ ಒಂದು ಫಲಕ: 'ವಾಹನಗಳನ್ನು ಮಾಲೀಕರ ಸ್ವಂತ ಜವಾಬ್ದಾರಿಯ ಮೇಲೆ ನಿಲ್ಲಿಸತಕ್ಕದ್ದು.' ಅದರ ಕೆಳಗೇ ಕುಳಿತವನು ಶುಲ್ಕದ ಚೀಟಿ ಹರಿದು ಕೊಡುತ್ತಾನೆ. ಈ ಒಂದು ವಾಕ್ಯ ಬರೆಸಿದರೆ ಸಂಸ್ಥೆಯ ಕರ್ತವ್ಯ ಮುಗಿಯಿತೆಂದು ನಂಬಿರುವ ಆಡಳಿತ ಮಂಡಳಿಗಳು ಅನೇಕ. ಆ ನಂಬಿಕೆಗೆ ಆಧಾರವಿಲ್ಲ.

ಇಂತಹ ಅಂಗಳದಲ್ಲಿ ಅಪಘಾತವಾದಾಗ ಕೇಳಿಬರುವ ಮೊದಲ ಮಾತು, 'ವೇಗವೇ ಇರಲಿಲ್ಲ, ತಪ್ಪು ಎಲ್ಲಿಂದ ಬಂತು?' ಕಾರನ್ನು ಹಿಂದಕ್ಕೆ ತೆಗೆಯುವಾಗ ಮಗುವಿಗೆ ತಾಗಿದರೆ, 'ತಾಯಿ ಕೈ ಹಿಡಿದುಕೊಳ್ಳಬೇಕಿತ್ತು' ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ. ಈ ವಾದ ಎಷ್ಟು ಸುಲಭವೋ ಅಷ್ಟೇ ಕ್ರೂರ. ವೇಗವಿರಲಿಲ್ಲವೆಂದರೆ ಇಳಿದು ನೋಡಲು ಚಾಲಕನಿಗೆ ಕಾಲಾವಕಾಶವಿತ್ತೆಂದೇ ಅರ್ಥವಲ್ಲವೇ? ಗಾಡಿಯ ಬೆನ್ನಿಗೆ ಹತ್ತಿಕೊಂಡಂತೆ ಕುಳಿತ ಎಳೆಯ ಮಗು ಯಾವ ಕನ್ನಡಿಯಲ್ಲಿಯೂ ಕಾಣದು. ಹಿಂದೆ ಯಾರಿಗೂ ಅಪಾಯವಿಲ್ಲವೆಂದು ಮೊದಲು ಖಚಿತಪಡಿಸಿಕೊಂಡೇ ವಾಹನವನ್ನು ಹಿಂದಕ್ಕೆ ತೆಗೆಯಬೇಕೆಂಬುದು ಚಾಲನಾ ನಿಯಮ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಹಿಂಬದಿಯ ಅಡಚಣೆಯನ್ನು ತಿಳಿಸುವ ಸೆನ್ಸರ್ ಕಡ್ಡಾಯವಾಗಿದೆ. ಆದರೆ ಕಿವಿಗೆ ಮೊಬೈಲ್ ಒತ್ತಿಕೊಂಡವನಿಗೆ ಅದರ ಸದ್ದು ಕೇಳುವುದೆಂತು?

'ಇದು ನಮ್ಮ ಖಾಸಗಿ ಜಾಗ, ರಸ್ತೆಯ ಕಾನೂನು ಇಲ್ಲಿ ನಡೆಯದು' ಎನ್ನುವವರೂ ಇದ್ದಾರೆ. 1988ರ ಮೋಟಾರು ವಾಹನಗಳ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳವೆಂದರೆ ಬರಿಯ ರಸ್ತೆಯಲ್ಲ. ಹಾದುಹೋಗುವ ದಾರಿಯಾಗಿರದಿದ್ದರೂ ಜನರಿಗೆ ಪ್ರವೇಶದ ಹಕ್ಕಿರುವ ಸ್ಥಳವೂ ಅದರಲ್ಲಿ ಸೇರುತ್ತದೆ. ಇತರರಿಗೆ ಅಪಾಯ ಅಥವಾ ಅಡಚಣೆಯಾಗುವಂತೆ ವಾಹನ ಬಿಟ್ಟುಹೋಗುವುದನ್ನು 122ನೆಯ ಕಲಮು ನಿಷೇಧಿಸುತ್ತದೆ. ನಿಂತ ಗಾಡಿ ಎಂದೂ ನಿರ್ದೋಷಿ ಎಂಬ ತಿಳುವಳಿಕೆ ಆದಕಾರಣ ತಪ್ಪು. ತಿರುವಿನಲ್ಲಿ, ಬಾಗಿಲಿಗೆ ಅಡ್ಡಲಾಗಿ ಕಾರು ನಿಲ್ಲಿಸಿ ಅಭಿಷೇಕಕ್ಕೆ ಓಡಿದವನೂ ಹೊಣೆಗಾರನಾಗಬಹುದು. ಎರಡು ಗಾಡಿಗಳು ಒಂದೇ ಕ್ಷಣ ಹಿಂದಕ್ಕೆ ಸರಿದು ಡಿಕ್ಕಿಯಾದರೆ ತಪ್ಪನ್ನು ಇಬ್ಬರಿಗೂ ಹಂಚುವ ಪದ್ಧತಿ ನ್ಯಾಯಾಲಯಗಳಲ್ಲಿದೆ.

ಪಕ್ಕದ ಕಾರನ್ನು ಗೀಚಿ, ಸುತ್ತ ಕಣ್ಣಾಡಿಸಿ, ಮೆಲ್ಲನೆ ಜಾರಿಕೊಳ್ಳುವವರ ಸಂಗತಿ ಇನ್ನೂ ಖೇದಕರ. 134ನೆಯ ಕಲಮಿನ ಕರ್ತವ್ಯಗಳು ಮನುಷ್ಯರಿಗೆ ಗಾಯವಾದಾಗ ಮಾತ್ರವಲ್ಲ, ಪರರ ಸೊತ್ತಿಗೆ ಹಾನಿಯಾದಾಗಲೂ ಅನ್ವಯಿಸುತ್ತವೆ. ಪೊಲೀಸರು ಸ್ಥಳದಲ್ಲಿಲ್ಲದಿದ್ದರೆ 24 ಗಂಟೆಗಳೊಳಗೆ ಠಾಣೆಗೆ ತಿಳಿಸಬೇಕು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿಯನ್ನು ಕೊಂಡಾಡಿ ಹೊರಬಂದ ಶ್ರಾವಕನು ಹಿಂದಿನ ನಾಲ್ಕು ಮೊಳವನ್ನೂ ನೋಡದೆ ಗಾಡಿ ತೆಗೆಯುತ್ತಾನೆ. ತಗುಲಿದ ಮೇಲೆ 'ಬೇಕೆಂದು ಮಾಡಲಿಲ್ಲ' ಎನ್ನುತ್ತಾನೆ. ಬೇಕೆಂದು ಮಾಡಲಿಲ್ಲವೆಂಬುದು ನಿಜ. ಅದಕ್ಕೇ ಅದಕ್ಕೆ ಪ್ರಮಾದವೆಂದು ಹೆಸರು.

ಇನ್ನು ಫಲಕದ ವಿಚಾರ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಅತಿಥಿಯೊಬ್ಬರು ಸಿಬ್ಬಂದಿಗೆ ಒಪ್ಪಿಸಿದ್ದ ಮಾರುತಿ ಝೆನ್ ಕಾರು ಕಳವಾಯಿತು. ಚೀಟಿಯಲ್ಲಿ 'ಮಾಲೀಕರ ಜವಾಬ್ದಾರಿ' ಎಂದು ಅಚ್ಚಾಗಿತ್ತು. ಹೋಟೆಲಿನ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಆ ಅಚ್ಚು ರಕ್ಷಣೆಯಲ್ಲವೆಂದು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ತೀರ್ಪಿತ್ತಿತು. ಅದು ಕೀಲಿಕೈ ಒಪ್ಪಿಸಿದ, ಕಳವಿನ ಪ್ರಕರಣ. ಪ್ರತಿಯೊಂದು ಬಯಲಿಗೂ ಅದು ಹಾಗೆಯೇ ಹೊಂದದು ಎಂಬುದನ್ನು ಒಪ್ಪಲೇಬೇಕು. ಆದರೆ ಉತ್ಸವದ ದಿನ ಸ್ವಯಂಸೇವಕರು ಕೀಲಿಕೈ ಇಸಿದುಕೊಂಡು ತಾವೇ ಕಾರುಗಳನ್ನು ಜರುಗಿಸುವ ಸಂಸ್ಥೆಗಳು ಈ ತೀರ್ಪನ್ನು ಓದಿಕೊಳ್ಳುವುದು ಒಳಿತು. ಆ ತರುಣರಲ್ಲಿ ಎಷ್ಟು ಮಂದಿಗೆ ಲೈಸೆನ್ಸ್ ಇದೆಯೆಂದು ಯಾರಾದರೂ ಕೇಳಿದ್ದುಂಟೇ?

ಫಲಕ ಬರೆಸಿದ ಮಂಡಳಿಗಳು ಮುಂದಿನ ಸಭೆಯಲ್ಲಿ ನಿಲುಗಡೆಯ ಶುಲ್ಕದ ಲೆಕ್ಕವನ್ನು ಒಮ್ಮೆ ಮುಂದಿಟ್ಟುಕೊಳ್ಳಲಿ. ನಡೆದು ಬರುವವರಿಗೆ ಹಗ್ಗ ಕಟ್ಟಿದ ಬೇರೆ ದಾರಿ, ಒಳಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು, ಸುಣ್ಣದ ಗೆರೆ, ಸಂಜೆಗೆ ನಾಲ್ಕು ದೀಪ: ಇವಕ್ಕೆ ಆ ಹಣದಿಂದ ಇದುವರೆಗೆ ಎಷ್ಟು ಖರ್ಚಾಗಿದೆಯೆಂದು ಸದಸ್ಯರಿಗೆ ಓದಿ ಹೇಳಲಿ.