ಹಳೆಯ ಆಟದ ರೈಲಿಗೆ ಹೊಸ ಬಣ್ಣ

ಕಳೆದ ವರ್ಷ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಆಟದ ರೈಲನ್ನು ತಂದಿದ್ದನು. ತಗಡಿನ ಎಂಜಿನ್ನು, ಅದರ ಹಿಂದೆ ಕಲ್ಲಿದ್ದಲ ಗಾಡಿ, ಎರಡು ಡಬ್ಬಿಗಳು. ಕೀಲಿ ತಿರುಗಿಸಿದರೆ ಓಡುವ ಬಗೆಯದು. ಕೀಲಿ ಮಾತ್ರ ಕಳೆದುಹೋಗಿ ಬಹುಕಾಲವಾಗಿತ್ತು. ಹುಡುಗನ ಅಜ್ಜ ಹರೆಯದಲ್ಲಿ ಕೂನೂರಿನ ಮೇಲಿನ ಚಹಾ ತೋಟವೊಂದರಲ್ಲಿ ಕೆಲಸಕ್ಕಿದ್ದರಂತೆ. ತೋಟದ ದೊರೆ ಬಂಗಲೆ ಬಿಟ್ಟು ಹೊರಟಾಗ ಬಿಸಾಡಲಿದ್ದ ಸಾಮಾನುಗಳಲ್ಲಿ ಇದೂ ಒಂದು. ಹಾಗೆ ಆ ರೈಲು ಬಸ್ಸಿನಲ್ಲಿ ಕುಳಿತು, ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ನಮ್ಮ ತಾಳವಾಡಿ ಸೀಮೆಗೆ ಬಂದಿತು. ನಿಜವಾದ ರೈಲು ಇಂದಿಗೂ ಹತ್ತದ ಬೆಟ್ಟ ಇದು.

ಪ್ರದರ್ಶನಕ್ಕೆ ತರುವ ಮೊದಲು ಹುಡುಗನು ಉಪ್ಪುಕಾಗದದಿಂದ ರೈಲನ್ನು ಚೆನ್ನಾಗಿ ಉಜ್ಜಿ, ಮನೆಯ ಬಾಗಿಲಿಗೆ ತಂದು ಉಳಿದಿದ್ದ ಹಸಿರು ಎನಾಮೆಲ್ ಬಳಿದು, ಗಾಲಿಗಳಿಗೆ ಕೆಂಪು ಹಚ್ಚಿದ್ದನು. ರೈಲು ಥಳಥಳ ಹೊಳೆಯುತ್ತಿತ್ತು. ಮಕ್ಕಳು ಮುತ್ತಿಕೊಂಡರು. ತೀರ್ಪುಗಾರರಾಗಿದ್ದ ನಾವು ಎರಡನೆಯ ಬಹುಮಾನವನ್ನೂ ಕೊಟ್ಟೆವು.

ಸಂಜೆ ಅಜ್ಜ ಬಂದರು. ಎಂಜಿನ್ನನ್ನು ಕೈಗೆತ್ತಿಕೊಂಡು ತಿರುಗಿಸಿ, ಅಡಿಭಾಗವನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿ, ಮಾತಾಡದೆ ಕೆಳಗಿಟ್ಟರು. ಏನೆಂದು ಕೇಳಿದೆವು. ಅವರ ತಂಗಿ ಅಲ್ಲಿ ಮೊಳೆಯಿಂದ ತನ್ನ ಹೆಸರಿನ ಮೂರು ಅಕ್ಷರಗಳನ್ನು ಗೀಚಿದ್ದಳಂತೆ. ಆಕೆಯನ್ನು ಶಾಲೆಗೆ ಕಳುಹಿಸಿರಲಿಲ್ಲ. ಅಣ್ಣನ ಪುಸ್ತಕ ನೋಡಿ ತಾನಾಗಿ ಕಲಿತ ಅಕ್ಷರ. ಆಕೆ ತೀರಿಕೊಂಡು ವರ್ಷಗಳಾದವು. ಆಕೆಯ ಕೈಬರಹವೆಂದು ಉಳಿದಿದ್ದುದು ಅದೊಂದೇ. ಉಪ್ಪುಕಾಗದ ಅದನ್ನು ತಿಂದುಹಾಕಿತ್ತು.

ಹುಡುಗನನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಬಹುಮಾನ ಕೊಟ್ಟವರು ನಾವಲ್ಲವೆ? ಆದರೆ ಅಂದಿನಿಂದ ಅಧ್ಯಾಪಕರ ಕೊಠಡಿಯಲ್ಲಿ ಒಂದು ವಾದ ನಡೆದೇ ಇದೆ. ಹಳೆಯ ವಸ್ತುವನ್ನು ರಿಪೇರಿ ಮಾಡುವವನು ಅದು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಮಾಡಬೇಕೆ, ತನಗೆ ಚೆಂದ ಕಂಡಂತೆ ಮಾಡಬಹುದೆ? ಚಿತ್ರಕಲೆಯ ಅಧ್ಯಾಪಕರ ಮಾತು ಸರಳವಾದುದು: ‘ಆಟಿಕೆ ಯಾರದೋ ಬಣ್ಣ ಅವರದು. ಗಾಜಿನ ಬೀರುವಿನಲ್ಲಿಟ್ಟು ಕೈಮುಗಿಯಲು ಅದೇನು ದೇವರ ಮೂರ್ತಿಯೆ?’ ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ಆಟಿಕೆ ಇರುವುದು ಆಡುವುದಕ್ಕೆ.

ವಿದೇಶಗಳಲ್ಲಿ ಇಂಥ ರೈಲುಗಳನ್ನು ಕೂಡಿಡುವವರಿಗೆ ಇದು ಹಳೆಯ ಜಗಳ. ಜರ್ಮನಿಯ ಗೋಪಿಂಗನ್ ಊರಿನ ಮಾರ್ಕ್ಲಿನ್ ಸಂಸ್ಥೆಯವರು 1891ರಲ್ಲಿಯೇ ಕಂಬಿ ಸಹಿತವಾದ ಆಟದ ರೈಲನ್ನು ಮಾರಾಟಕ್ಕಿಟ್ಟರು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬವರು 1920ರಲ್ಲಿ ತಮ್ಮ ಕೀಲಿ ರೈಲುಗಳನ್ನು ಹೊರತಂದರು. ಇಂಥವುಗಳ ಮೇಲಿನ ಮೂಲ ಬಣ್ಣ ಸವೆದಿದ್ದರೂ ಸರಿ, ಅದನ್ನು ಮುಟ್ಟಬಾರದೆನ್ನುವವರು ಹೆಚ್ಚು. ಹೊಸ ಬಣ್ಣ ಬಳಿದುದಕ್ಕೆ ಬೆಲೆ ಇಳಿಯುತ್ತದೆ. ಬೆಲೆಯ ಮಾತು ನಮಗೆ ಮುಖ್ಯವಲ್ಲ. ಗಮನಿಸತಕ್ಕದ್ದು ಬೇರೆ. ಆ ಕಾಲದ ಕೆಲವು ರೈಲುಗಳ ಗಾಲಿಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದರು. ಅದರಲ್ಲಿ ಅಲ್ಪಸ್ವಲ್ಪ ಸೀಸ ಬೆರೆತಿದ್ದರೂ ಸಾಕು, ವರ್ಷಗಳು ಕಳೆದಂತೆ ಲೋಹವು ಉಬ್ಬಿ, ಬಿರುಕು ಬಿಟ್ಟು, ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಮೂಲವೇ ಬೇಕೆಂದು ಹಟ ಹಿಡಿದರೆ ಅಲ್ಲಿ ಉಳಿಯುವುದು ಪುಡಿ ಮಾತ್ರ. ಆದ್ದರಿಂದ ಹೊಸ ಗಾಲಿ ಹಾಕುವುದು ತಪ್ಪಲ್ಲವೆಂದು ಕಟ್ಟಾ ಮೂಲವಾದಿಗಳೂ ಒಪ್ಪಬೇಕಾಗುತ್ತದೆ.

ನಮ್ಮ ನೆರೆಯ ನೀಲಗಿರಿಯ ದೊಡ್ಡ ‘ಆಟದ ರೈಲ’ನ್ನೇ ನೋಡಿ. ಮೇಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿಯೂ ಉದಕಮಂಡಲಕ್ಕೆ 1908ರಲ್ಲಿಯೂ ಓಡಲಾರಂಭಿಸಿದ ಈ 46 ಕಿಲೋಮೀಟರಿನ ದಾರಿಯನ್ನು ಯುನೆಸ್ಕೊ 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನಿಂದ ಕೂನೂರಿನವರೆಗೆ ಕಂಬಿಗಳ ನಡುವೆ ಹಲ್ಲುಪಟ್ಟಿ ಇದೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು, 12 ಅಡಿಗೆ ಒಂದಡಿಯಷ್ಟು ಕಡಿದಾದ ಏರನ್ನು ಹತ್ತುತ್ತದೆ. ಹಳೆಯ ಎಂಜಿನ್ನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ತುರ್‌ನಿಂದ ಬಂದವು. ಅವುಗಳಲ್ಲಿ ಕೆಲವನ್ನು ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವಂತೆ ಮಾರ್ಪಡಿಸಿದರು. ಆಮೇಲೆ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಅದೇ ಮಾದರಿಯ ಎಂಜಿನ್ನುಗಳನ್ನು ಹೊಸದಾಗಿ ಕಟ್ಟಿದರು. 2021ರಲ್ಲಿ ಕಲ್ಲಿದ್ದಲಿನದನ್ನೂ ಕಟ್ಟಿದರು. ಹಾಗಾದರೆ ಇದು ಹಳೆಯ ರೈಲೋ ಹೊಸ ರೈಲೋ? ನಮ್ಮ ಮಟ್ಟಿಗೆ ಹಳೆಯದೇ. ಹಲ್ಲು ಕಚ್ಚಿ ಬೆಟ್ಟ ಹತ್ತುವ ರೀತಿಯನ್ನು ಬಿಟ್ಟುಕೊಟ್ಟಿಲ್ಲ. ಜೊತೆಗೆ, ಯಾವುದು ಯಾವಾಗ ಬದಲಾಯಿತೆಂಬುದಕ್ಕೆ ಲೆಕ್ಕವಿದೆ.

ಲೆಕ್ಕವೆಂದಾಗ ಕನ್ನಡ ಪಂಡಿತರ ಬುದ್ಧಿ ತಾಳೆಯೋಲೆಯ ಕಡೆಗೆ ಹರಿಯುವುದು ಸಹಜ, ಓದುಗರು ಸೈರಿಸಿಕೊಳ್ಳಬೇಕು. ಹಳಗನ್ನಡ ಕಾವ್ಯವನ್ನು ಅಚ್ಚಿಗೆ ಸಿದ್ಧಪಡಿಸುವವರಿಗೆ ಇದೇ ತೊಡಕು ಬರುತ್ತದೆ. ಒಂದೊಂದು ಓಲೆಪ್ರತಿಯಲ್ಲಿ ಒಂದೊಂದು ಪಾಠ. ಹುಳು ತಿಂದೆಡೆ ಅಕ್ಷರವೇ ಇಲ್ಲ. ತನಗೆ ಹೆಚ್ಚು ಇಂಪಾಗಿ ಕೇಳುವ ಪದವನ್ನು ಸಂಪಾದಕನು ಸೇರಿಸಿಬಿಟ್ಟರೆ ಯಾರು ಕೇಳಿಯಾರು? ಡಿ. ಎಲ್. ನರಸಿಂಹಾಚಾರ್ಯರು ಈ ಕೆಲಸದ ಶಾಸ್ತ್ರವನ್ನೇ ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕದಲ್ಲಿ ವಿವರಿಸಿದರು. ಒಳ್ಳೆಯ ಸಂಪಾದಕನು ಊಹೆ ಮಾಡುವುದೇ ಇಲ್ಲವೆಂದಲ್ಲ. ಊಹೆಯನ್ನು ಊಹೆಯೆಂದು ಗುರುತಿಸಿ, ಬಿಟ್ಟ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾನೆ. ಮುಂದಿನವನು ಒಪ್ಪದಿದ್ದರೆ ಹಿಂದಕ್ಕೆ ಹೋಗಲು ದಾರಿ ಇರುತ್ತದೆ.

ಉಪ್ಪುಕಾಗದಕ್ಕೆ ಅಡಿಟಿಪ್ಪಣಿ ಇಲ್ಲ. ನಮ್ಮ ತಕರಾರು ಹಸಿರು ಬಣ್ಣದ ಮೇಲಲ್ಲ, ಉಜ್ಜಿದುದರ ಮೇಲೆ. ತುಕ್ಕು ಹಿಡಿದ ಸ್ಪ್ರಿಂಗನ್ನು ತೆಗೆದು ಹೊಸದನ್ನು ಹಾಕಿ, ಹಳೆಯದನ್ನು ಪೊಟ್ಟಣದಲ್ಲಿ ಕಟ್ಟಿಡಬಹುದು. ಬಣ್ಣವನ್ನು ಹಾಗೆ ಕಟ್ಟಿಡಲಾಗದು. ತನಗೆ ಇಷ್ಟವಾದ ಬಣ್ಣದ ರೈಲೇ ಬೇಕೆಂದರೆ ಚನ್ನಪಟ್ಟಣವೇನು ದೂರವೆ? ಅಲ್ಲಿ ಹಾಲೆಮರವನ್ನು ಚರಕಿಗೆ ಕಟ್ಟಿ ತಿರುಗಿಸುತ್ತ, ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೆಂಪೋ ಹಳದಿಯೋ, ಬೇಕಾದುದನ್ನು ಕೊಳ್ಳಬಹುದು. ಅಲ್ಲಿ ಅಭಿರುಚಿಗೆ ಅಡ್ಡಿಯಿಲ್ಲ, ಏಕೆಂದರೆ ಆ ಆಟಿಕೆಯ ಮೇಲೆ ನಮಗಿಂತ ಮೊದಲು ಯಾರೂ ಏನನ್ನೂ ಬರೆದಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮಕ್ಕಳು ಪ್ರಬಂಧದಲ್ಲಿ ಈ ಬೆಟ್ಟದ ಮನೆಮಾತನ್ನು ಬರೆದಾಗ, ತರಬೇತಿ ಪಡೆದ ಅಧ್ಯಾಪಕರಾದ ನಾವು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಶುದ್ಧ’ ರೂಪವನ್ನು ಬರೆಯುತ್ತೇವೆ. ತಮಿಳಿನ ನಡುವೆ ಬಾಳುತ್ತ ಉಳಿದು ಬಂದ ಎಷ್ಟೋ ಮಾತುಗಳು ಹಾಗೆ ಹೋಗಿರಬಹುದು. ಈ ವರ್ಷದಿಂದ ಅಂಥವನ್ನು ಹೊಡೆಯದೆ, ಪಕ್ಕದಲ್ಲಿ ಗ್ರಂಥರೂಪವನ್ನು ಬರೆಯುತ್ತಿದ್ದೇವೆ. ಅಂಕವನ್ನೂ ಕಳೆಯುತ್ತಿಲ್ಲ.

ರೈಲಿನ ಹಸಿರನ್ನು ತಿನ್ನರಿನಿಂದ ತೆಗೆಯಬಹುದೆಂದು ಒಬ್ಬರು ಸೂಚಿಸಿದರು. ಒಂದೆರಡು ಮೂಲೆಗಳಲ್ಲಿ ಇನ್ನೂ ಅಂಟಿಕೊಂಡಿರುವ ಹಳೆಯ ಬಣ್ಣವೂ ಅದರೊಡನೆ ಹೋದೀತೆಂದು ಬೇಡವೆಂದೆವು. ಮುರಿದಿದ್ದ ಒಂದು ಗಾಲಿಯ ಬದಲಿಗೆ ಬಡಗಿಯೊಬ್ಬರು ಮರದ ಗಾಲಿ ಮಾಡಿಕೊಟ್ಟಿದ್ದಾರೆ. ಹುಡುಗನು ಅದರ ಒಳಮೈಯಲ್ಲಿ ಪೆನ್ಸಿಲಿನಿಂದ ಇಸವಿಯನ್ನು ಬರೆದಿದ್ದಾನೆ. ಅಜ್ಜನ ಬಾಯಿಂದ ತಂಗಿಯ ಹೆಸರನ್ನೂ, ಅಕ್ಷರಗಳು ಎಲ್ಲಿ ಹೇಗಿದ್ದವೆಂಬುದನ್ನೂ ಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದಾನೆ. ತಗಡಿನ ಮೇಲೆ ಅವನ್ನು ಮತ್ತೆ ಗೀಚಲೇ ಎಂದು ಅಜ್ಜನನ್ನು ಕೇಳಿದನಂತೆ. ಬೇಡ ಎಂದರಂತೆ. ಕೀಲಿ ಇನ್ನೂ ಸಿಕ್ಕಿಲ್ಲ.