ಏಳು ದಿನದ ಎಣ್ಣೆ, ಮೂವತ್ತು ದಿನದ ಅಕ್ಕಿ

ಕರ್ನಾಟಕದಲ್ಲಿ ಬಡವರು ಶೇ 7.58ರಷ್ಟು ಮಾತ್ರ ಎನ್ನುತ್ತದೆ ನೀತಿ ಆಯೋಗದ 2023ರ ವರದಿ. ಇದೇ ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳ ಕೈಯಲ್ಲಿ ಬಿಪಿಎಲ್ ಕಾರ್ಡ್ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ‘ಹಾಗಾದರೆ ಉಳಿದವರೆಲ್ಲ ಸುಳ್ಳು ಬಡವರೇ?’ ಎಂದು ಕೇಳುವವರು ಬಹಳ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಎರಡು ಅಂಕಿಗಳು ಒಂದೇ ಸಂಗತಿಯನ್ನು ಹೇಳುತ್ತಿಲ್ಲ. ಕಾರ್ಡು ಕೊಡುವಾಗ ಸರ್ಕಾರ ಇಂಥದ್ದೇ ಮನೆ, ಇಂಥವರದೇ ಹೆಸರು ಎಂದು ಗುರುತಿಸುತ್ತದೆ. ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು ಎಂಬಂಥ ಷರತ್ತುಗಳು ಅಲ್ಲಿ ಕೆಲಸ ಮಾಡುತ್ತವೆ. ಆಯೋಗದ ಅಂಕಿಗೆ ಆಧಾರವಾದಂಥ ರಾಷ್ಟ್ರೀಯ ಸಮೀಕ್ಷೆ ಯಾರ ಹೆಸರನ್ನೂ ಹೇಳುವುದಿಲ್ಲ. ನೂರರಲ್ಲಿ ಎಷ್ಟು ಜನ ಯಾವ ಸ್ಥಿತಿಯಲ್ಲಿದ್ದಾರೆ ಎಂಬುದನ್ನಷ್ಟೇ ಅಂದಾಜು ಮಾಡುತ್ತದೆ. ಸಮೀಕ್ಷೆಯವರು ಬಂದರೆ ಕಾರ್ಡು ಹೋಗುತ್ತದೆ ಎಂದು ಹೆದರಿ ಮನೆಯ ಫ್ರಿಜ್ಜು, ಬೈಕು ಮುಚ್ಚಿಡುವವರಿಗೂ ಈ ವ್ಯತ್ಯಾಸ ತಿಳಿದಿರಬೇಕು. ಅಲ್ಲಿ ಕೊಟ್ಟ ಉತ್ತರ ಕಾರ್ಡಿನ ಕಚೇರಿಗೆ ಹೋಗುವುದಿಲ್ಲ.

ದೇಶದ ಬಡತನದ ಲೆಕ್ಕಕ್ಕೆ ದಶಕಗಳಿಂದ ಆಧಾರವಾಗಿರುವುದು ರಾಷ್ಟ್ರೀಯ ಮಾದರಿ ಸಮೀಕ್ಷೆ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಅದರ ಮೊದಲ ಸುತ್ತು ಆರಂಭವಾಯಿತು. ಆಗಿನಿಂದಲೂ ಅದು ಜನರ ಆದಾಯಕ್ಕಿಂತ ಖರ್ಚಿನ ಕಡೆಗೇ ಹೆಚ್ಚು ನೋಡಿದೆ. ಕೂಲಿ ಒಂದು ವಾರ ಇರುತ್ತದೆ, ಇನ್ನೊಂದು ವಾರ ಇರುವುದಿಲ್ಲ. ರೈತನಿಗೆ ಸುಗ್ಗಿಯಲ್ಲಿ ಬಂದ ಹಣ ಎಂಟು ತಿಂಗಳು ಓಡಬೇಕು. ‘ನಿಮ್ಮ ಆದಾಯ ಎಷ್ಟು?’ ಎಂದರೆ ಬಡವರಿಗೆ ಹೇಳಲು ಬರುವುದಿಲ್ಲ, ಉಳ್ಳವರಿಗೆ ಹೇಳಲು ಮನಸ್ಸಿರುವುದಿಲ್ಲ. ಮನೆಯಲ್ಲಿ ಉಂಡದ್ದು, ಉಟ್ಟದ್ದು, ಸುಟ್ಟ ಸೌದೆ, ಕಟ್ಟಿದ ಬಾಡಿಗೆ ಇವು ಅಷ್ಟೊಂದು ಏರಿಳಿಯುವುದಿಲ್ಲ. ಕೇಳಿದರೆ ಹೇಳುತ್ತಾರೆ ಕೂಡ.

2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ಈ ಮಾದರಿ ಸಮೀಕ್ಷೆಯ ಭಾಗವಾಗಿ ನಡೆದ ಬಳಕೆ ವೆಚ್ಚ ಸಮೀಕ್ಷೆ ದೇಶದಾದ್ಯಂತ 2,61,746 ಮನೆಗಳನ್ನು ತಲುಪಿತು. ಕೋಟಿಗಟ್ಟಲೆ ಮನೆಗಳ ದೇಶಕ್ಕೆ ಇಷ್ಟು ಸಾಕೇ ಎಂಬ ಅನುಮಾನ ಬರುತ್ತದೆ. ಮನೆಗಳ ಸಂಖ್ಯೆಗಿಂತ ಆ ಮನೆಗಳನ್ನು ಆರಿಸುವ ರೀತಿ ಮುಖ್ಯ. ಊರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಆರಿಸಿದ ಊರಿನ ಮನೆಗಳನ್ನು ಪಟ್ಟಿ ಮಾಡಿ, ಹಳ್ಳಿಯಲ್ಲಾದರೆ ಜಮೀನಿನ ಪ್ರಕಾರ, ಪಟ್ಟಣದಲ್ಲಾದರೆ ಕಾರು ಇದೆಯೇ ಇಲ್ಲವೇ ಎಂಬುದರ ಪ್ರಕಾರ ಗುಂಪು ಮಾಡುತ್ತಾರೆ. ಆ ಗುಂಪುಗಳಿಂದ ಮತ್ತೆ ಚೀಟಿ ಎತ್ತಿ ಒಂದು ಊರಿಗೆ 18 ಮನೆ. ಗೌಡರ ಮನೆಯೂ ಬರಬಹುದು, ಕೇರಿಯ ಕೊನೆಯ ಗುಡಿಸಲೂ ಬರಬಹುದು. ಸಮೀಕ್ಷಕ ತನಗೆ ಹತ್ತಿರವಾದ, ಚಹಾ ಕೊಡುವ ಮನೆಗೆ ಹೋಗುವಂತಿಲ್ಲ. ಈ ಶಿಸ್ತು ಇರುವವರೆಗೆ ಎರಡೂವರೆ ಲಕ್ಷ ಮನೆ ಇಡೀ ದೇಶದ ಪರವಾಗಿ ಮಾತಾಡಬಲ್ಲವು. ಶಿಸ್ತು ತಪ್ಪಿದರೆ ಎರಡೂವರೆ ಕೋಟಿ ಮನೆ ಕೇಳಿದರೂ ಪ್ರಯೋಜನವಿಲ್ಲ.

ಇಷ್ಟು ಸರಿಯಾದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಯಾದಗಿರಿ ಕಡೆಯ ಒಂದು ಮನೆ ಎಂದುಕೊಳ್ಳಿ. ಸಮೀಕ್ಷಕಿ ಟ್ಯಾಬ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾಳೆ. ‘ಅಕ್ಕಾ, ಹೋದ ಏಳು ದಿವಸದಾಗ ಎಣ್ಣಿ ಎಷ್ಟು ಖರ್ಚಾತು?’ ‘ಹತ್ತು ರೂಪಾಯಿ ಪಾಕೀಟ ತರ್ತೀವ್ರೀ, ಮುಗದಾಗ ಮತ್ತೊಂದು.’ ಎಷ್ಟು ಪಾಕೀಟು, ಒಂದರಲ್ಲಿ ಎಷ್ಟು ಗ್ರಾಂ ಎಂದು ಬಿಡಿಸಿ ಕೇಳಿ ಬರೆದುಕೊಳ್ಳಬೇಕು. ಜೋಳ ಸ್ವಂತ ಹೊಲದ್ದು, ದುಡ್ಡು ಕೊಟ್ಟಿಲ್ಲ. ಆದರೂ ಉಂಡದ್ದು ಉಂಡದ್ದೇ, ಅದಕ್ಕೊಂದು ಬೆಲೆ ಕಟ್ಟಬೇಕು. ಅಕ್ಕಿ ನ್ಯಾಯಬೆಲೆ ಅಂಗಡಿಯದ್ದು, ಅದಕ್ಕೆ ಬೇರೆ ಸಾಲು. ಹಸಿಮೆಣಸಿನಕಾಯಿ ಪಕ್ಕದ ಮನೆಯವರು ಕೊಟ್ಟದ್ದು. ಹೀಗೆ ಕೇಳಬೇಕಾದ ಬಾಬತ್ತುಗಳು 405.

ಆಕೆ ಹೇಳುವುದೆಲ್ಲ ನೆನಪಿನಿಂದ. ತರಕಾರಿ, ಮೊಟ್ಟೆ, ಎಣ್ಣೆ, ಬೀಡಿ ಇವುಗಳ ತಿಂಗಳ ಲೆಕ್ಕ ಯಾರ ತಲೆಯಲ್ಲೂ ನಿಲ್ಲುವುದಿಲ್ಲ, ವಾರದ್ದು ನಿಲ್ಲುತ್ತದೆ. ಅಕ್ಕಿ, ಬೇಳೆ, ಬಾಡಿಗೆಯನ್ನು ತಿಂಗಳ ಲೆಕ್ಕದಲ್ಲಿ ಕೇಳಬಹುದು. ಬಟ್ಟೆ, ಶಾಲಾ ಶುಲ್ಕ, ಆಸ್ಪತ್ರೆಗೆ ಸೇರಿದ ಖರ್ಚಿಗೆ ಒಂದು ವರ್ಷದ ಅವಧಿಯೇ ಬೇಕು. ಈಗಿನ ಸಮೀಕ್ಷೆ ಹೀಗೆಯೇ ಏಳು, ಮೂವತ್ತು, 365 ದಿನ ಎಂದು ಮೂರು ಅವಧಿ ಇಟ್ಟುಕೊಂಡಿದೆ. ಹಿಂದೆ ಎಲ್ಲದಕ್ಕೂ ಮೂವತ್ತು ದಿನವೇ ಇತ್ತು.

ಓದುಗರಿಗೆ ಇದು ಗುಮಾಸ್ತರ ತಕರಾರಿನಂತೆ ಕಾಣಬಹುದು. ಹಾಗಲ್ಲ. 1990ರ ದಶಕದ ಕೆಲವು ಸಣ್ಣ ಸುತ್ತುಗಳಲ್ಲಿ ಅರ್ಧ ಮನೆಗಳಿಗೆ ಮೂವತ್ತು ದಿನದ ಹಳೆಯ ಪ್ರಶ್ನೆಪಟ್ಟಿ, ಉಳಿದ ಅರ್ಧಕ್ಕೆ ಆಹಾರವನ್ನು ಏಳು ದಿನದ ಲೆಕ್ಕದಲ್ಲಿ ಕೇಳುವ ಹೊಸ ಪಟ್ಟಿ ಒಯ್ದು ನೋಡಿದರು. ಹೊಸ ಪಟ್ಟಿಯಲ್ಲಿ ಬಡವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದೇ ದೇಶ, ಅದೇ ಕಾಲ, ಅದೇ ಹಸಿವು. ಬದಲಾದದ್ದು ಪ್ರಶ್ನೆ ಮಾತ್ರ. 1999-2000ರ ದೊಡ್ಡ ಸಮೀಕ್ಷೆಯಲ್ಲಿ ಎರಡೂ ಅವಧಿಗಳನ್ನು ಒಂದೇ ಮನೆಯಲ್ಲಿ, ಒಂದೇ ಪುಟದಲ್ಲಿ ಕೇಳಿದರು. ವಾರದ್ದು ಹೇಳಿದವರು ತಿಂಗಳದ್ದನ್ನೂ ಅದಕ್ಕೆ ಹೊಂದಿಸಿ ಹೇಳುವುದು ಸ್ವಾಭಾವಿಕ. ಆರು ವರ್ಷದ ಹಿಂದೆ ಶೇ 36 ಇದ್ದ ಬಡತನ ಶೇ 26ಕ್ಕೆ ಬಂತೆಂದು ಲೆಕ್ಕ ಹೊರಬಿತ್ತು. ಇಳಿಕೆಯಲ್ಲಿ ಎಷ್ಟು ನಿಜ, ಎಷ್ಟು ಪ್ರಶ್ನೆಪಟ್ಟಿಯ ಕೈವಾಡ ಎಂಬ ಚರ್ಚೆ ವರ್ಷಗಳ ಕಾಲ ನಡೆಯಿತು. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಂಗಸ್ ಡೀಟನ್ ಈ ಗಂಟು ಬಿಡಿಸಲು ಶ್ರಮಪಟ್ಟವರಲ್ಲಿ ಪ್ರಮುಖರು.

ಆದ್ದರಿಂದಲೇ ಈಗಿನ ಹೋಲಿಕೆಗಳನ್ನೂ ಎಚ್ಚರದಿಂದ ಓದಬೇಕು. 2011-12ರಲ್ಲಿ 347 ಬಾಬತ್ತು, ಒಂದೇ ಭೇಟಿ. 2022-23ರಲ್ಲಿ 405 ಬಾಬತ್ತು. ಆಹಾರಕ್ಕೊಂದು, ದಿನಬಳಕೆ ವಸ್ತು ಮತ್ತು ಸೇವೆಗೊಂದು, ಬಹುಕಾಲ ಬಾಳುವ ಸಾಮಾನಿಗೊಂದು ಎಂದು ಮೂರು ಸಲ ಮನೆಗೆ ಹೋಗಿದ್ದಾರೆ. ಆರಾಮವಾಗಿ, ಹೆಚ್ಚು ಸಲ ಕೇಳಿದರೆ ಜನ ಹೆಚ್ಚು ನೆನಪಿಸಿಕೊಳ್ಳುತ್ತಾರೆ. ಇದು ಒಳ್ಳೆಯ ಸುಧಾರಣೆ. ಆದರೆ ಹನ್ನೊಂದು ವರ್ಷದಲ್ಲಿ ಬಳಕೆ ಇಷ್ಟು ಏರಿತು ಎಂದು ನೇರವಾಗಿ ಕಳೆಯುವ ಲೆಕ್ಕ ಹಾಕಿದರೆ ಅದರಲ್ಲಿ ಒಂದು ಪಾಲು ಪ್ರಶ್ನೆ ಕೇಳಿದ ರೀತಿಯದ್ದಾಗಿರುತ್ತದೆ. ಜನರ ಬದುಕು ಸುಧಾರಿಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಳ್ಳಿಯ ಖರ್ಚಿನಲ್ಲಿ ಊಟದ ಪಾಲು ಸುಮಾರು ಶೇ 53ರಿಂದ ಶೇ 46ಕ್ಕೆ ಬಂದಿರುವುದು ಸುಮ್ಮನೆ ಆದದ್ದಲ್ಲ. ಎಷ್ಟು ಸುಧಾರಿಸಿದೆ ಎಂಬುದನ್ನು ಪೈಸೆ ಲೆಕ್ಕದಲ್ಲಿ ಹೇಳುವವರನ್ನು ಮಾತ್ರ ನಾನು ನಂಬುವುದಿಲ್ಲ.

ಯಾವುದನ್ನು ಯಾರ ಖಾತೆಗೆ ಬರೆಯಬೇಕು ಎಂಬುದು ಇನ್ನೊಂದು ಗೋಜಲು. ಬೆಂಗಳೂರಿನ ಒಂದು ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಅಲ್ಲೇ ತಿಂಡಿ ತಿನ್ನುತ್ತಾಳೆ. ಮಾದರಿ ಸಮೀಕ್ಷೆಯ ಹಿಂದಿನ ಸುತ್ತುಗಳ ಪದ್ಧತಿಯಂತೆ ಆ ತಿಂಡಿ ಅಡುಗೆಯಾದ ಮನೆಯ ಲೆಕ್ಕಕ್ಕೆ ಸೇರುತ್ತಿತ್ತು. ಬಡವಳ ಊಟ ಶ್ರೀಮಂತರ ಬಳಕೆಯಾಗಿ ದಾಖಲಾಗುತ್ತಿತ್ತು. ಈಗಿನ ಸಮೀಕ್ಷೆ ಉಚಿತವಾಗಿ ಸಿಕ್ಕ ಪಡಿತರ ಧಾನ್ಯ, ಶಾಲಾ ಸಮವಸ್ತ್ರ, ಬೂಟು, ಸೈಕಲ್, ಲ್ಯಾಪ್‌ಟಾಪ್‌ನಂಥ ಸಾಮಾನುಗಳಿಗೆ ಬೆಲೆ ಕಟ್ಟಿ ಪ್ರತ್ಯೇಕ ಲೆಕ್ಕವೊಂದನ್ನು ಕೊಡುತ್ತಿದೆ. ಸರ್ಕಾರಿ ಆಸ್ಪತ್ರೆಯ ಉಚಿತ ಚಿಕಿತ್ಸೆಗೆ, ಸರ್ಕಾರಿ ಶಾಲೆಯ ಪಾಠಕ್ಕೆ ಬೆಲೆ ಕಟ್ಟಿಲ್ಲ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶುರುವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನು ಈ ಕಣ್ಣಿನಿಂದ ನೋಡಿ. ಮಂಡ್ಯದ ಗಾರ್ಮೆಂಟ್ಸ್‌ಗೆ ದಿನಾ ಬಸ್ಸಿನಲ್ಲಿ ಹೋಗುವ ಹುಡುಗಿಗೆ ಟಿಕೆಟ್ ಖರ್ಚು ಇಲ್ಲವಾಯಿತು. ಉಳಿದ ಹಣದಿಂದ ಹಾಲು, ಹಣ್ಣು ಕೊಂಡರೆ ಅದು ಲೆಕ್ಕಕ್ಕೆ ಬರುತ್ತದೆ. ಸಾಲ ತೀರಿಸಿದರೆ ಅಥವಾ ಚೀಟಿಗೆ ಕಟ್ಟಿದರೆ ಆಕೆಯ ತಿಂಗಳ ವೆಚ್ಚ ಕಾಗದದ ಮೇಲೆ ಕಡಿಮೆಯಾಗುತ್ತದೆ. ಬದುಕು ಹಗುರಾದದ್ದು ಬಳಕೆ ವೆಚ್ಚದಲ್ಲಿ ಕಾಣುವುದೇ ಇಲ್ಲ. ಶಕ್ತಿಯಂಥ ಗ್ಯಾರಂಟಿ ಯೋಜನೆಗಳ ಪರಿಣಾಮವನ್ನು ಈ ಒಂದೇ ಸಮೀಕ್ಷೆಯಿಂದ ಹೊಗಳುವವರೂ ತೆಗಳುವವರೂ ಇದನ್ನು ಮರೆಯಬಾರದು.

ಸರಾಸರಿಯ ಮಾತನ್ನು ಬೇಗ ಮುಗಿಸುತ್ತೇನೆ. 2022-23ರಲ್ಲಿ ಒಬ್ಬರ ತಿಂಗಳ ವೆಚ್ಚ ದೇಶದ ಹಳ್ಳಿಗಳಲ್ಲಿ 3,773 ರೂಪಾಯಿ, ಪಟ್ಟಣಗಳಲ್ಲಿ 6,459. ಕರ್ನಾಟಕದಲ್ಲಿ 4,397 ಮತ್ತು 7,666. ಹಳ್ಳಿಗಳ ತೀರಾ ಕೆಳಗಿನ ಶೇ 5ರಷ್ಟು ಜನರದ್ದು 1,373, ಅಂದರೆ ದಿನಕ್ಕೆ 46 ರೂಪಾಯಿಯೂ ಇಲ್ಲ. ಊಟ, ಬಟ್ಟೆ, ಔಷಧ, ಬಸ್ಸು, ಮೊಬೈಲ್ ಎಲ್ಲ ಸೇರಿ. ಅದೂ ಮನೆಯ ಒಟ್ಟು ಖರ್ಚನ್ನು ತಲೆಗೆ ಸಮನಾಗಿ ಹಂಚಿದ ಲೆಕ್ಕ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿನ ತಟ್ಟೆಯಲ್ಲಿ ಎಷ್ಟಿತ್ತು ಎಂದು ಈ ಸಮೀಕ್ಷೆ ಕೇಳುವುದಿಲ್ಲ.

ಇನ್ನು ಬಡತನದ ರೇಖೆ. ಎಷ್ಟು ಖರ್ಚು ಮಾಡಿದವರು ಬಡವರು? ದಾದಾಭಾಯಿ ನವರೋಜಿಯವರು ಹತ್ತೊಂಬತ್ತನೆಯ ಶತಮಾನದಲ್ಲೇ ಹಡಗಿನಲ್ಲಿ ಹೋಗುವ ಕೂಲಿಗಳಿಗೂ ಜೈಲಿನ ಕೈದಿಗಳಿಗೂ ಕೊಡುವ ಪಡಿಯನ್ನು ಹಿಡಿದು, 1867-68ರ ಬೆಲೆಯಲ್ಲಿ ತಲೆಗೆ ವರ್ಷಕ್ಕೆ 16ರಿಂದ 35 ರೂಪಾಯಿ ಬೇಕು ಎಂದು ಲೆಕ್ಕ ಹಾಕಿದ್ದರು. ಸ್ವತಂತ್ರ ಭಾರತದಲ್ಲಿ 1979ರ ಕಾರ್ಯಪಡೆಯೊಂದು ಹಳ್ಳಿಯಲ್ಲಿ ದಿನಕ್ಕೆ 2,400, ಪಟ್ಟಣದಲ್ಲಿ 2,100 ಕ್ಯಾಲೊರಿ ದೊರಕಿಸುವ ಖರ್ಚನ್ನು ರೇಖೆಯಾಗಿಸಿತು. 2009ರಲ್ಲಿ ಸುರೇಶ್ ತೆಂಡುಲ್ಕರ್ ಸಮಿತಿ ಕ್ಯಾಲೊರಿಗೆ ಅಂಟಿಕೊಳ್ಳುವುದನ್ನು ಬಿಟ್ಟು ಶಿಕ್ಷಣ, ಆರೋಗ್ಯದ ವೆಚ್ಚವನ್ನೂ ಪರಿಗಣಿಸಿತು. ಅದರ ಪ್ರಕಾರ 2011-12ರ ರೇಖೆ ಹಳ್ಳಿಗೆ ತಿಂಗಳಿಗೆ 816, ಪಟ್ಟಣಕ್ಕೆ 1,000 ರೂಪಾಯಿ. ಬಡವರು ಸುಮಾರು 27 ಕೋಟಿ. 2014ರಲ್ಲಿ ಸಿ. ರಂಗರಾಜನ್ ಸಮಿತಿ ಅದೇ ವರ್ಷಕ್ಕೆ 972 ಮತ್ತು 1,407 ರೂಪಾಯಿ ಎಂದಿತು. ಬಡವರು 36 ಕೋಟಿ ದಾಟಿದರು. ಒಂದು ರೇಖೆಗೂ ಇನ್ನೊಂದಕ್ಕೂ ನಡುವೆ ಒಂಬತ್ತು ಕೋಟಿ ಜನ!

ವಿಶ್ವಬ್ಯಾಂಕಿನ 2025ರ ಲೆಕ್ಕದಲ್ಲಿ ಇದು ಇನ್ನೂ ಸ್ಪಷ್ಟ. ಕೊಳ್ಳುವ ಶಕ್ತಿಗೆ ಹೊಂದಿಸಿದ ದಿನಕ್ಕೆ 3 ಡಾಲರ್ ರೇಖೆಯಲ್ಲಿ 2022-23ರ ಭಾರತದಲ್ಲಿ ಬಡವರು ಶೇ 5.3. ರೇಖೆಯನ್ನು 4.20 ಡಾಲರ್‌ಗೆ ಏರಿಸಿದರೆ ಶೇ 23.9. ಅಂದರೆ ದೊಡ್ಡ ಜನಸಮೂಹ ರೇಖೆಯ ಮೇಲಕ್ಕೆ ಬಂದಿದೆ, ಆದರೆ ದೂರ ಹೋಗಿಲ್ಲ. ಒಂದು ಆಪರೇಷನ್, ಒಂದು ಬರಗಾಲ ಸಾಕು, ಅವರಲ್ಲಿ ಎಷ್ಟೋ ಜನ ಮತ್ತೆ ಕೆಳಗೆ. ಶೇ 5ನ್ನು ಮಾತ್ರ ಹಿಡಿದು ಬಡತನ ಮುಗಿಯಿತು ಎನ್ನುವುದು ಈ ಜನರಿಗೆ ಮಾಡುವ ಅನ್ಯಾಯ.

ಮೊದಲಿಗೆ ಹೇಳಿದ ಶೇ 7.58 ಇವುಗಳಲ್ಲಿ ಯಾವುದೂ ಅಲ್ಲ. ಅದು ಬಹು ಆಯಾಮದ ಬಡತನ ಸೂಚ್ಯಂಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿಯಿಂದ ಪೌಷ್ಟಿಕತೆ, ಶಾಲೆಗೆ ಹೋದ ವರ್ಷಗಳು, ಶೌಚಾಲಯ, ಅಡುಗೆ ಇಂಧನ, ವಿದ್ಯುತ್, ಬ್ಯಾಂಕ್ ಖಾತೆ ಹೀಗೆ 12 ಸೂಚಕಗಳನ್ನು ತೆಗೆದುಕೊಂಡು, ಮೂರನೇ ಒಂದರಷ್ಟು ಅಥವಾ ಹೆಚ್ಚು ಕೊರತೆ ಇರುವ ಮನೆಯನ್ನು ಬಡವರ ಮನೆ ಎನ್ನುತ್ತದೆ. ಕೈಯಲ್ಲಿ ದುಡ್ಡಿದ್ದರೂ ಮಗುವಿಗೆ ಪೌಷ್ಟಿಕತೆಯಿಲ್ಲದ ಬದುಕನ್ನು ಹಿಡಿಯುವ ಈ ಅಳತೆಯ ಬಗ್ಗೆ ನನಗೆ ಗೌರವವಿದೆ. ಆದರೆ ಬ್ಯಾಂಕ್ ಖಾತೆ ಇದೆಯೇ ಎಂದು ಕೇಳುತ್ತದೆ, ಅದರಲ್ಲಿ ಹಣವಿದೆಯೇ ಎಂದಲ್ಲ. ವಿದ್ಯುತ್ ಇದೆಯೇ ಎಂದು ಕೇಳುತ್ತದೆ, ದಿನಕ್ಕೆ ಎಷ್ಟು ಗಂಟೆ ಎಂದಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು: ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ದ್ವಿತೀಯಾರ್ಧದಲ್ಲಿ. ಕೋವಿಡ್‌ನಿಂದ ಕೆಲಸ ಹೋದದ್ದು, ಶಾಲೆ ಮುಚ್ಚಿದ್ದು ಯಾವುದೂ ಆ ಶೇ 7.58ರೊಳಗಿಲ್ಲ.

ಎಲ್ಲ ಅಳತೆಗಳಿಗೂ ಮಿತಿ ಇದೆ. ಮಿತಿ ಇರುವ ಅಳತೆಯನ್ನು ಸರಿಪಡಿಸಬಹುದು, ಅಳತೆಯೇ ಇಲ್ಲದಿದ್ದರೆ ಏನು ಮಾಡುವುದು? 2017-18ರಲ್ಲಿ ನಡೆದ ಬಳಕೆ ವೆಚ್ಚ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಕೊಟ್ಟು ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಅದಕ್ಕೆ ಸ್ವಲ್ಪ ಮೊದಲು ಪತ್ರಿಕೆಯೊಂದಕ್ಕೆ ಸಿಕ್ಕಿದ ವರದಿಯ ಪ್ರಕಾರ, ಬೆಲೆ ಏರಿಕೆ ಕಳೆದ ಮೇಲೆ ತಲಾ ಬಳಕೆ 2011-12ಕ್ಕಿಂತ ಇಳಿದಿತ್ತು. ಅಂಕಿಗಳಲ್ಲಿ ದೋಷವಿದ್ದರೆ ದೋಷದ ವಿವರದೊಡನೆ ಪ್ರಕಟಿಸಿ, ತಜ್ಞರಿಗೆ ತೂಗಿ ನೋಡಲು ಬಿಡಬೇಕಿತ್ತು. ಹೀಗೆ ಹನ್ನೊಂದು ವರ್ಷ ದೇಶಕ್ಕೆ ಬಳಕೆ ವೆಚ್ಚದ ಹೊಸ ಅಧಿಕೃತ ಲೆಕ್ಕವೇ ಇರಲಿಲ್ಲ. ನೋಟು ರದ್ದತಿಯೂ ಲಾಕ್‌ಡೌನೂ ಆ ಅವಧಿಯಲ್ಲೇ ಬಂದು ಹೋದವು.

ಈಗ 2022-23 ಮತ್ತು 2023-24ರ ಸಮೀಕ್ಷೆಗಳು ಬೆನ್ನುಬೆನ್ನಿಗೆ ಬಂದಿವೆ, ಮನೆಮನೆಯ ದತ್ತಾಂಶವೂ ಸಂಶೋಧಕರಿಗೆ ಸಿಗುತ್ತಿದೆ. ಇದು ಮೆಚ್ಚಬೇಕಾದ ಕೆಲಸ. ಆದರೆ ರಂಗರಾಜನ್ ವರದಿಯ ನಂತರ ಹೊಸ ಅಧಿಕೃತ ರೇಖೆ ಬಂದಿಲ್ಲ. ಹಳೆಯ ಲೆಕ್ಕಗಳೇ ಉಳಿದಿರುವುದರ ಬಿಸಿ ತಟ್ಟುವುದು ನ್ಯಾಯಬೆಲೆ ಅಂಗಡಿಯಲ್ಲಿ. ಆಹಾರ ಭದ್ರತಾ ಕಾಯ್ದೆಯಡಿ ಯಾವ ರಾಜ್ಯದಲ್ಲಿ ಶೇಕಡ ಎಷ್ಟು ಜನರಿಗೆ ಕೇಂದ್ರದ ಧಾನ್ಯ ಎಂಬುದನ್ನು ನಿಗದಿ ಮಾಡಿದ್ದು 2011-12ರ ಸಮೀಕ್ಷೆ ಆಧರಿಸಿ, ಅದನ್ನು ತಲೆ ಲೆಕ್ಕಕ್ಕೆ ಇಳಿಸಿದ್ದು 2011ರ ಜನಗಣತಿ ಆಧರಿಸಿ. ಕರ್ನಾಟಕದ ಸುಮಾರು 4 ಕೋಟಿ ಫಲಾನುಭವಿಗಳ ಮಿತಿ ಅಲ್ಲಿಂದಲೇ ಬಂದದ್ದು. ಆಮೇಲೆ ಹುಟ್ಟಿದ ಮಕ್ಕಳಿಗೆ, ಆಮೇಲೆ ಬಡವಾದ ಮನೆಗಳಿಗೆ ಆ ಮಿತಿಯಲ್ಲಿ ಜಾಗವಿಲ್ಲ. 2027ರ ಜನಗಣತಿಯ ಅಂಕಿ ಬಂದೊಡನೆ ಈ ಮಿತಿಯನ್ನು ಹೊಸದಾಗಿ ಲೆಕ್ಕ ಹಾಕಲೇಬೇಕಾಗುತ್ತದೆ. ಆಗ ಯಾವ ಸಮೀಕ್ಷೆ, ಯಾವ ರೇಖೆ, ಉಚಿತ ಧಾನ್ಯವನ್ನು ಸೇರಿಸಿಯೋ ಬಿಟ್ಟೋ ಎಂಬುದನ್ನು ಈಗಲೇ ಒಂದು ತಜ್ಞ ಸಮಿತಿ ಕೂತು, ಅದರ ವಾದವನ್ನೆಲ್ಲ ಜನರ ಮುಂದಿಟ್ಟು ತೀರ್ಮಾನಿಸಬೇಕು. ಅಂಕಿ ಕೈಗೆ ಬಂದ ಮೇಲೆ, ಅನುಕೂಲವಾದ ಉತ್ತರ ನೋಡಿಕೊಂಡು ಅಲ್ಲ.